ಉಳಿದದ್ದೆಲ್ಲ ಇದ್ದಂತೆಯೇ ಇದ್ದರೆ

ಮೇಡಂ ಅವರ ಸೀರೆ ನೀಲಿ ಎಂದು ಬರೆಯಹೊರಟೆ, ಹಸಿರೂ ಆಗಿದ್ದಿರಬಹುದು. ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ. ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುತ್ತಿದ್ದ ಮೇಡಂ ಧಾರವಾಡದ ಕಡೆಯವರು. ಕುರ್ಲಾ ಸ್ಟೇಷನ್ನಿನಲ್ಲಿ ನನ್ನೊಡನೆ ಲೋಕಲ್ ರೈಲಿಗೆ ಕಾಯುತ್ತಾ, ಬೇಡಿಕೆಯ ರೇಖೆಯನ್ನು ಬೆರಳಿನಿಂದ ಗಾಳಿಯಲ್ಲೇ ಎಳೆಯುತ್ತಿದ್ದರು. "ಬೆಲೆ ಒಂದ ಬದಲಾಗ್ತದ, ಉಳಿದದ್ದೆಲ್ಲಾ ಇದ್ದಂಗ ಇರ್ತದ ಅಂತ ತಿಳ್ಕೋ" ಎಂದು ಅಂಗೈಯನ್ನು ಮೆಲ್ಲಗೆ ಕೆಳಗಿಳಿಸುವರು. ಆಗ ಜನ, ಗಾಡಿ, ಸಂಜೆಯ ಬೆಳಕು ಎಲ್ಲವೂ ಒಂದು ಕ್ಷಣ ನಿಂತುಬಿಟ್ಟಂತೆ ನನಗೆ ಅನ್ನಿಸುತ್ತಿತ್ತು.

ಬಿ.ಎ. ಮುಗಿದಾಗ, ಹೋಟೆಲಿನಲ್ಲಿ ದುಡಿದು ನನ್ನನ್ನು ಓದಿಸಿದ ಚಿಕ್ಕಪ್ಪ ಬ್ಯಾಂಕಿನ ಕೆಲಸಕ್ಕೆ ಸೇರು ಎಂದರು. ನನಗೆ ಎಂ.ಎ. ಮಾಡುವ ಆಸೆ. ಮೇಡಂ ಆಂಟಾಪ್ ಹಿಲ್‌ನ ನಮ್ಮ ಮನೆಗೇ ಬಂದರು.

"ಅದು ಓದಿದ್ರೆ ಇವಳು ಎಂತ ಆಗ್ತಾಳೆ ಮೇಡಂ?" ಚಿಕ್ಕಪ್ಪ ಕೇಳಿದರು.

"ಗೊತ್ತಿಲ್ರಿ" ಎಂದರು ಮೇಡಂ.

"ನಿಮಗೇ ಗೊತ್ತಿಲ್ಲದಿದ್ರೆ ನಾನು ಯಾವ ಧೈರ್ಯದಲ್ಲಿ ಕಳಿಸುದು?"

ಮೇಡಂ ನಕ್ಕು, ಚಹಾ ಮುಗಿಸಿ ಎದ್ದರು. ಎಲ್ಲ ಮುಗಿಯಿತು ಅಂದುಕೊಂಡೆ. ಚಿಕ್ಕಪ್ಪ ಅವರನ್ನು ಬಿಡಲು ಕೆಳಗೆ ಹೋದರು. ಬಸ್ಸುಗಳು ಬಂದು ಹೋಗುತ್ತಿದ್ದರೂ ಇಬ್ಬರೂ ಸ್ಟಾಪಿನಲ್ಲೇ ಮಾತಾಡುತ್ತಾ ನಿಂತಿದ್ದನ್ನು ಕಿಟಕಿಯಿಂದ ನೋಡಿದ ನೆನಪು. ಮರಳಿ ಬಂದ ಚಿಕ್ಕಪ್ಪ ಚಪ್ಪಲಿ ಕಳಚುತ್ತಾ, "ನಾಳೆ ಹೋಗಿ ಎಂ.ಎ.ಗೆ ಸೇರು ಮಾರಾಯ್ತಿ" ಎಂದರು.

ಬೆಲೆಗಳು ಏಕೆ ಏರುತ್ತವೆ ಎಂದು ಅಧ್ಯಯನ ಮಾಡುವುದು ಈಗ ಪವಾಯಿಯಲ್ಲಿ ನನ್ನ ಉದ್ಯೋಗ. ಮೇಡಂ ತೀರಿಕೊಂಡಿದ್ದಾರೆ. ಹೋದ ಭಾನುವಾರ ಚಿಕ್ಕಪ್ಪನನ್ನು ಕೇಳಿದೆ.

"ಅವತ್ತು ಕೆಳಗೆ ಮೇಡಂ ನಿಮಗೆ ಏನು ಹೇಳಿದ್ರು ಚಿಕ್ಕಪ್ಪ?"