ಕಾರಿನಡಿ ಇಟ್ಟ ಬೋಗುಣಿ

ದೆವ್ವ ಕಂಡೆ, ಗಾಳಿ ಮೆಟ್ಟಿತು ಎಂದು ಯಾರಾದರೂ ನನ್ನ ಹತ್ತಿರ ಬಂದರೆ, ರಾತ್ರಿ ಏನು ತಿಂದಿದ್ದೆ ಎಂದು ಕೇಳಿ ಕಳಿಸುತ್ತಿದ್ದವಳು ನಾನು. ನನ್ನ ಗಂಡ ಸತ್ತ ವಾರದಲ್ಲಿ ಅವನ ಕೆಮ್ಮು ಕೇಳಿಸಿತು ಎಂದು ನಾದಿನಿ ಅತ್ತಾಗ, ಕೆಮ್ಮಿದ್ದು ಪಕ್ಕದ ಮನೆಯ ಎಮ್ಮೆ ಎಂದು ಕೈಹಿಡಿದು ಕರೆದುಕೊಂಡು ಹೋಗಿ ತೋರಿಸಿದ್ದೆ. ಈಗಲೂ ನಾನು ಅಂಥದ್ದನ್ನೆಲ್ಲ ನಂಬುವುದಿಲ್ಲ. ಆದರೆ ಕೆಲವು ವರ್ಷಗಳ ಹಿಂದೆ ನಮ್ಮ ಮನೆಯ ಅಂಗಳದಲ್ಲೇ ನಡೆದ ಒಂದು ಸಂಗತಿಗೆ ಮಾತ್ರ ನನ್ನಲ್ಲಿ ಉತ್ತರವಿಲ್ಲ. ಓದಿದ್ದು ಕಡಿಮೆ, ಬರೆಯುವುದು ಅದಕ್ಕಿಂತ ಕಡಿಮೆ. ಕಂಡದ್ದನ್ನು ಹೇಳುತ್ತೇನೆ, ಕಾಣದ್ದನ್ನು ಸೇರಿಸುವುದಿಲ್ಲ.

ನಮ್ಮೂರು ಹಿರೀಸಾವೆಯಿಂದ ಒಳಗೆ ಹೋಗಬೇಕು. ಮಗ ಹಾಲಿನ ಟ್ಯಾಂಕರ್ ಓಡಿಸುತ್ತಾನೆ, ಮನೆಯಲ್ಲಿರುವುದು ಅಪರೂಪ. ಸೊಸೆ ಸುಜಾತ ಒಂದು ಹಳೆಯ ದೊಡ್ಡ ಕಾರು ಇಟ್ಟುಕೊಂಡು ಊರಿನ ಮಕ್ಕಳನ್ನು ಚನ್ನರಾಯಪಟ್ಟಣದ ಶಾಲೆಗೆ ಬಿಟ್ಟು ಕರೆತರುತ್ತಾಳೆ. ಅದಕ್ಕೆ ಮೊದಲು ಅವಳು ಕಂಡವರ ಶುಂಠಿ ಹೊಲಕ್ಕೆ ಕೂಲಿಗೆ ಹೋಗುತ್ತಿದ್ದಳು. ಹೆಂಗಸಿನ ಕೈಗೆ ಮಕ್ಕಳನ್ನು ಕೊಡುವುದೇ ಎಂದು ಮೂಗು ಮುರಿದವರೂ ಅವಳು ಓಡಿಸುವುದನ್ನು ನೋಡಿ ಸುಮ್ಮನಾದರು.

ಒಂದು ಬೆಳಿಗ್ಗೆ ಕಾರು ಹೋದ ಮೇಲೆ ನೋಡುತ್ತೇನೆ, ಅದು ನಿಂತಿದ್ದ ಜಾಗದಲ್ಲಿ ಮೊರದಗಲ ಒದ್ದೆ. ಮಾರನೆಯ ದಿನವೂ ಅಷ್ಟೇ. ಸಂಜೆ ಸುಜಾತ ಬಂದಾಗ, ‘ನಿನ್ ಕಾರು ಉಚ್ಚೆ ಉಯ್ತದೆ ಕಣೆ’ ಎಂದೆ.

‘ಬೆಳಿಗ್ಗೆ ಅಂಗ್ಳಕ್ಕೆ ಸಗಣಿ ನೀರಾಕಾದು ನೀವೇ ಅಲ್ವಾ ಅತ್ತೆ? ಅದೇ ಕಾರಿನಡೀಕೆ ಅರ್ದಿರ್ತದೆ’ ಎಂದಳು.

ಮಾತು ಸರಿಯಾಗೇ ಇತ್ತು. ನೋಡಿಯೇ ಬಿಡೋಣ ಎಂದು ನಾನು ಅಂಗಳಕ್ಕೆ ನೀರು ಹಾಕುವುದನ್ನೂ ರಂಗೋಲಿ ಬಿಡುವುದನ್ನೂ ನಿಲ್ಲಿಸಿದೆ. ನಮ್ಮ ಕಡೆ ಅಂಗಳಕ್ಕೆ ನೀರು ಬೀಳದ ಮನೆ ಎಂದರೆ ಸಾವಿನ ಮನೆ. ಎರಡು ದಿನ ಆಗಿರಲಿಲ್ಲ, ಎದುರು ಮನೆಯ ಜಯಮ್ಮ ತಲೆಯ ಮೇಲೆ ಸೆರಗು ಹೊದ್ದು, ಮುಖ ಸಣ್ಣಗೆ ಮಾಡಿಕೊಂಡು ಬಂದಳು.

‘ಯಾರಕ್ಕಾ ಓದೋರು? ನಮ್ಗೊಂದ್ ಮಾತೂ ಯೋಳ್ನಿಲ್ವಲ್ಲ!’

‘ಯಾರೂ ಓಗಿಲ್ಲ ಕಣೆ. ಕಾರು ಸೋರ್ತದೆ, ಅದ್ಕೆ.’

‘ಕಾರು ಸೋರಿದ್ರೆ ಸೂತ್ಕ ಆಯ್ತದಾ?’

ಅಳಲು ಬಂದವಳು ನಗಲೂ ಆಗದೆ ಎದ್ದು ಹೋದಳು. ನನಗೆ ತಲೆ ಕೆಟ್ಟಿದೆ ಎಂಬ ಸುದ್ದಿ ನಲ್ಲಿಯ ಹತ್ತಿರ ಹಬ್ಬಿತು. ಹಬ್ಬಲಿ. ಒಣ ಅಂಗಳದಲ್ಲಿ ಒದ್ದೆ ಮಾತ್ರ ಇನ್ನೂ ಚೆನ್ನಾಗಿ ಕಾಣುತ್ತಿತ್ತು.

ಅದು ಕೆಂಪರಾಜನ ಕಣ್ಣಿಗೂ ಬಿತ್ತು. ಅವನದು ದಿನಸಿ ಅಂಗಡಿ. ಅವನ ಇಬ್ಬರು ಹೆಣ್ಣುಮಕ್ಕಳೂ ಸುಜಾತಳ ಕಾರಿನಲ್ಲೇ ಹೋಗುತ್ತಿದ್ದರು. ಬೆಳಿಗ್ಗೆ ಅವರನ್ನು ಹತ್ತಿಸಲು ಬಂದವನು ಬಗ್ಗಿ ನೋಡಿ, ‘ಇದು ಬ್ರೇಕ್ ಆಯಿಲ್ಲು ಕಣಮ್ಮ. ಐವೇ ರೋಡ್ನಾಗೆ ಬ್ರೇಕ್ ಓದ್ರೆ ನಮ್ಮಕ್ಳ ಗತಿ ಏನು?’ ಎಂದು ಮಕ್ಕಳ ಬ್ಯಾಗು ಇಳಿಸಿಕೊಂಡ. ಅವನು ಇಳಿಸಿಕೊಂಡದ್ದನ್ನು ನೋಡಿ ಉಳಿದವರೂ ಇಳಿಸಿಕೊಂಡರು. ಸುಜಾತ ಖಾಲಿ ಕಾರಿನಲ್ಲಿ ಕೂತಳು. ಅಳಲಿಲ್ಲ. ಬಟ್ಟೆ ತೆಗೆದುಕೊಂಡು, ಒರೆಸಿದ ಗಾಜನ್ನೇ ಮತ್ತೆ ಮತ್ತೆ ಒರೆಸುತ್ತಿದ್ದಳು. ಈ ಕಾರು ನಿಂತರೆ ಅವಳಿಗೆ ಮತ್ತೆ ಶುಂಠಿ ಹೊಲವೇ. ಇನ್ನು ಅವನು ಹೇಳಿದ್ದು ನಿಜವಾಗಿದ್ದರೆ, ಆ ಮಕ್ಕಳನ್ನು ಕೂರಿಸಿಕೊಂಡು ಹೋಗಿದ್ದಳಲ್ಲ ಇಷ್ಟು ದಿನ! ಎರಡನ್ನೂ ಯೋಚಿಸುತ್ತಿದ್ದಳು ಎಂದು ಕಾಣುತ್ತದೆ.

ಹಿರೀಸಾವೆಯ ರಸ್ತೆ ಬದಿಯಲ್ಲಿ ನಂಜುಂಡ ಎಂಬ ಮೆಕ್ಯಾನಿಕ್ಕಿನ ಶೆಡ್ಡಿದೆ. ನಾನೂ ಜೊತೆಗೆ ಹೋದೆ. ಅವನು ಕಾರನ್ನು ಗುಂಡಿಯ ಮೇಲೆ ನಿಲ್ಲಿಸಿ ಕೆಳಗಿಳಿದ.

‘ಕರ್ರಗಿದ್ರೆ ಇಂಜಿನ್ ಆಯಿಲ್ಲು. ಜಿಡ್ಡುಜಿಡ್ಡಾಗಿದ್ರೆ ಬ್ರೇಕ್ ಆಯಿಲ್ಲು. ಅಸ್ರು ಬಣ್ಣ ಇದ್ರೆ ರೇಡಿಯೇಟರ್ದು. ನಿಮ್ದು ಯಾವ್ದಜ್ಜಿ?’

‘ಯಾವ್ದೂ ಅಲ್ಲ. ಕುಡ್ಯೋ ನೀರಿದ್ದಂಗದೆ.’

‘ಅಂಗಾದ್ರೆ ಏಸಿ ನೀರು ಬುಡಿ.’

‘ಏಸಿ ನಾನು ತಗಂಡಾಗ್ಲೇ ಕೆಟ್ಟಿತ್ತು ಕಣಣ್ಣ’ ಎಂದಳು ಸುಜಾತ.

ಅವನು ಒಂದೊಂದನ್ನೇ ನೋಡುತ್ತಾ ಬಂದ. ರೇಡಿಯೇಟರಿನ ನೀರು ಗೆರೆಗೆ ಸರಿಯಾಗಿತ್ತು. ಬ್ರೇಕ್ ಆಯಿಲ್ ಕೂದಲೆಳೆಯಷ್ಟೂ ಇಳಿದಿರಲಿಲ್ಲ. ಗಾಜು ತೊಳೆಯುವ ನೀರಿನ ಡಬ್ಬಿ ಒಡೆದು ಎಷ್ಟೋ ಕಾಲವಾಗಿ ಒಣಗಿ ಕೂತಿತ್ತು. ನಾನು ತೋರಿಸಿದ ಜಾಗ, ಅಂದರೆ ಕಾರಿನ ನಟ್ಟನಡುವೆ, ನೀರು ನಿಲ್ಲುವಂಥದ್ದು ಏನೂ ಇಲ್ಲವೇ ಇಲ್ಲ ಎಂದ. ಆದರೂ ಬಂದದ್ದಕ್ಕೆ ಇರಲಿ ಎಂದು ಬ್ರೇಕಿನ ಹಳೆಯ ಪೈಪುಗಳನ್ನು ಬದಲಾಯಿಸಿದ, ರೇಡಿಯೇಟರಿನ ರಬ್ಬರು ಪೈಪಿಗೆ ಹೊಸ ಕ್ಲಿಪ್ಪು ಬಿಗಿದ. ನೆಲಕ್ಕೆ ಪೇಪರು ಹಾಸಿ ಕಾರನ್ನು ಅಲ್ಲೇ ಇಟ್ಟುಕೊಂಡ. ಬೆಳಿಗ್ಗೆ ಪೇಪರು ಗರಿಗರಿ ಒಣಗಿತ್ತು.

ಮನೆಗೆ ತಂದು ನಿಲ್ಲಿಸಿದೆವು. ನೆಲದಿಂದ ಏಳುವ ತೇವವೇ ಎಂದು ತಿಳಿಯಲು ಅಡಿಯಲ್ಲಿ ಒಂದು ಇಟ್ಟಿಗೆ, ಅದರ ಮೇಲೆ ಹಿತ್ತಾಳೆ ಬೋಗುಣಿ ಇಟ್ಟೆ. ಬೆಳಿಗ್ಗೆ ಬೋಗುಣಿಯಲ್ಲಿ ಅರ್ಧ ನೀರಿತ್ತು. ನೆಲ ಒಣಗಿತ್ತು.

ನಾನು ಬೆರಳದ್ದಿ ನಾಲಿಗೆಗೆ ಹಚ್ಚಿಕೊಂಡೆ. ‘ಥೂ ಅತ್ತೆ, ಇಸ ಗಿಸ ಇದ್ದಾತು!’ ಎಂದು ಸುಜಾತ ಕೈ ಹಿಡಿದಳು. ವಿಷವಲ್ಲ. ನಮ್ಮೂರಿನ ಬೋರ್‌ವೆಲ್ ನೀರು ಗಡಸು. ಪಾತ್ರೆಯಲ್ಲಿ ಬಿಳಿ ಕಟ್ಟುತ್ತದೆ, ಸೋಪು ನೊರೆ ಬರುವುದಿಲ್ಲ, ತೊಗರಿಬೇಳೆ ಎಷ್ಟು ಬೇಯಿಸಿದರೂ ಕಣಕಣ ಉಳಿಯುತ್ತದೆ. ಇದು ನನ್ನ ತವರು ಹೊಳೆನರಸೀಪುರದ ಕಡೆಯ ಹೊಳೆ ನೀರಿನ ಹಾಗೆ ನಾಲಿಗೆಗೆ ಮೆತ್ತಗೆ ಹತ್ತಿತು. ನಾಲಿಗೆಯನ್ನು ನಂಬಬಾರದು ಎಂದು ಎರಡು ಪಾತ್ರೆಯಲ್ಲಿ ಬೇಳೆ ಇಟ್ಟೆ. ಒಂದಕ್ಕೆ ನಮ್ಮ ನೀರು, ಒಂದಕ್ಕೆ ಇದು. ಇದರಲ್ಲಿ ಬೇಳೆ ಬೆಣ್ಣೆಯ ಹಾಗೆ ಕರಗಿತು. ಸಾರು ಮಾಡಿ ಉಂಡೆ. ಸುಜಾತ ಮುಟ್ಟಲಿಲ್ಲ. ನನಗೇನೂ ಆಗಲಿಲ್ಲ.

ಆಮೇಲೆ ನನಗೆ ಬೇರೆ ಕೆಲಸವೇ ಹತ್ತಲಿಲ್ಲ. ಕಾರನ್ನು ಬೀದಿಗೆ ನಿಲ್ಲಿಸಿದರೆ ಬೋಗುಣಿ ಒಣ. ಅದೇ ಜಾಗಕ್ಕೆ ಜಯಮ್ಮನ ಮಗನ ಟ್ರ್ಯಾಕ್ಟರು ನಿಲ್ಲಿಸಿದರೂ ಒಣ. ಆ ಕಾರು, ಆ ಜಾಗ, ಎರಡೂ ಸೇರಿದರೆ ನೀರು. ಯಾರೋ ಆಗದವರು ಕದ್ದು ತಂದು ಹುಯ್ಯುತ್ತಿದ್ದಾರೆ ಎಂದೂ ಅನುಮಾನಪಟ್ಟೆ.

ಭಾನುವಾರ ಬಂತು. ತೊಟ್ಟು ಎಲ್ಲಿಂದ ಇಳಿಯುತ್ತದೋ ಅಲ್ಲಿ ಗುರುತು ಬೀಳಲಿ ಎಂದು, ಸುಜಾತಳಿಗೆ ಹೇಳಿ ಕಾರಿನ ಹೊಟ್ಟೆಗೆಲ್ಲ ತೆಳು ಬಟ್ಟೆಯಲ್ಲಿ ರಾಗಿಹಿಟ್ಟು ಕಟ್ಟಿ, ಕೆಳಗಿನಿಂದ ತಟ್ಟಿ ತಟ್ಟಿ ಮೆತ್ತಿಸಿದೆ. ಒಂದು ಹನಿ ತಾಗಿದರೂ ರಾಗಿಹಿಟ್ಟು ಕಪ್ಪಗೆ ಕೆಸರಾಗುತ್ತದೆ, ಮುಚ್ಚಿಡಲಾಗುವುದಿಲ್ಲ. ಮಧ್ಯಾಹ್ನ ಉಂಡು, ಅಡಿಯಲ್ಲಿ ಖಾಲಿ ಬೋಗುಣಿ ಇಟ್ಟು, ಜಗಲಿಯ ಮೇಲೆ ಕೂತವಳು ಏಳಲಿಲ್ಲ. ಯಾರೂ ಹತ್ತಿರ ಬರಲಿಲ್ಲ, ನಾಯಿಯೂ ಬರಲಿಲ್ಲ. ಬಿಸಿಲು ಇಳಿದ ಮೇಲೆ ಬಗ್ಗಿ ನೋಡಿದರೆ ಬೋಗುಣಿ ಕಂಠದವರೆಗೆ ತುಂಬಿತ್ತು.

ಮೇಲೆ ಹಿಟ್ಟು ಹಾಗೇ ಇತ್ತು. ಒಂದು ಪೈಪಿನ ಉದ್ದಕ್ಕೂ ಇರುವೆಗಳು ಸಾಲು ಕಟ್ಟಿ ಹಿಟ್ಟು ಹೊರುತ್ತಿದ್ದವು. ಎಲ್ಲಿಯೂ ಒಂದು ಒದ್ದೆ ಚುಕ್ಕೆ ಇರಲಿಲ್ಲ.

ನೀರು ಚೆಲ್ಲಿ ಬೋಗುಣಿಯನ್ನು ಒರೆಸಿ ಮತ್ತೆ ಇಟ್ಟೆ. ಸುಜಾತ ಗೋಣಿಚೀಲ ಹಾಸಿಕೊಂಡು ಅಡಿಯಲ್ಲಿ ಅಂಗಾತ ಮಲಗಿ ಮೇಲಕ್ಕೆ ಟಾರ್ಚು ಬಿಟ್ಟಳು. ನಾನು ಪಕ್ಕದಲ್ಲಿ ಕೂತು ಬೋಗುಣಿ ನೋಡುತ್ತಿದ್ದೆ. ಸ್ವಲ್ಪ ಹೊತ್ತಿಗೆ ತಳದಲ್ಲಿ ನೀರು ಹೊಳೆಯಿತು.

‘ಬೀಳ್ತಾ ಅದೇನೇ?’

‘ಏನೂ ಇಲ್ಲ ಅತ್ತೆ. ಅಲ್ಲೇನು?’

‘ತುಂಬ್ತಾ ಅದೆ.’

‘ತಮಾಸೆ ಮಾಡ್ಬ್ಯಾಡಿ.’

‘ಬಾ, ನೀನೇ ನೋಡು’ ಎಂದು ನಾನು ಒಳಗೆ ತೂರಿ ಮಲಗಿದೆ. ಮೇಲೆ ಹಿಟ್ಟು, ಇರುವೆ, ತುಕ್ಕು. ಹನಿಯಿಲ್ಲ, ಸದ್ದಿಲ್ಲ. ಹೊರಗೆ ಸುಜಾತ ಬೋಗುಣಿಗೆ ಬೆರಳಿಟ್ಟು ನೀರು ಅಳೆಯುತ್ತಿದ್ದಳು. ನಾನು ಹೊರಗೆ ಬಂದಾಗ ನೀರು ನಾಲ್ಕು ಬೆರಳು ಏರಿತ್ತು. ಸುಳ್ಳೇಕೆ, ಹೆದರಿಕೆ ಆಗಲಿಲ್ಲ. ಸಿಟ್ಟು ಬಂತು. ಕಣ್ಣೆದುರಿಗೇ ಆಗುತ್ತಿದೆ, ಎಲ್ಲಿಂದ ಎಂದು ಹೇಳುವುದಿಲ್ಲವಲ್ಲ ಎಂದು.

‘ನಂಜುಂಡಣ್ಣ ಸರಿ ಮಾಡವ್ನೆ ಅಂದ್ಬುಡನಾ ಅತ್ತೆ? ಬ್ರೇಕಂತೂ ಸರಿಯಾಗೇ ಅದೆ’ ಎಂದಳು ಸುಜಾತ. ಅವಳ ಕಷ್ಟ ನನಗೆ ತಿಳಿಯದ್ದಲ್ಲ. ಆದರೆ ಕಂಡವರ ಮಕ್ಕಳು. ಬೆಳಿಗ್ಗೆ ಎದ್ದು ಕೆಂಪರಾಜನ ಅಂಗಡಿಗೆ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿದೆ.

‘ಬ್ರೇಕು ಸರಿ ಅದೆ. ನೀರು ಬತ್ತದೆ. ಎಲ್ಲಿಂದ ಅಂತ ನಂಗೊತ್ತಿಲ್ಲ.’

ಅವನು ನನ್ನನ್ನೇ ನೋಡಿದ. ‘ಅಂಗಾದ್ರೆ ನೀನೇ ಮುಂದ್ಗಡೆ ಕೂತ್ಕಂಡೋಗಜ್ಜಿ. ನಿನ್ ಜೀವ ಉಳುದ್ರೆ ನಮ್ಮಕ್ಳ್ನ ಕಳುಸ್ತೀನಿ.’

‘ನನ್ ಜೀವ ಎಷ್ಟ್ ದಿನದ್ದಲಾ? ಅದ್ರಾಗೇನ್ ಗೊತ್ತಾಯ್ತದೆ? ನೀನೂ ಬಾ.’

ಅಂಗಡಿಯಲ್ಲಿದ್ದವರು ನಕ್ಕರು, ಅವನಿಗೆ ಬರದೆ ವಿಧಿಯಿರಲಿಲ್ಲ. ನಾನು ಮುಂದೆ, ಅವನು ಹಿಂದಿನ ಸಣ್ಣ ಸೀಟಿನಲ್ಲಿ ಮೊಣಕಾಲು ಎದೆಗೆ ಒತ್ತಿಕೊಂಡು. ಚನ್ನರಾಯಪಟ್ಟಣದವರೆಗೂ ‘ಇಲ್ಲಿ ಬ್ರೇಕ್ ಇಡಿ, ಇಲ್ಲಿ ಇಡಿ’ ಎಂದು ಬ್ರೇಕು ಹಾಕಿಸಿದ. ಸುಜಾತ ಹಾಕಿದಲ್ಲೆಲ್ಲ ಕಾರು ನಿಂತಿತು, ಅವನ ಹಣೆ ಮುಂದಿನ ಸೀಟಿಗೆ ಬಡಿಯಿತು. ಮಾರನೆಯ ದಿನ ಮಕ್ಕಳನ್ನು ಕಳಿಸಿದ. ಉಳಿದವರೂ ಕಳಿಸಿದರು. ಅವರ ಸಮಾಧಾನಕ್ಕೆ ನಾನೂ ಬಹಳ ದಿನ ಮುಂದಿನ ಸೀಟಿನಲ್ಲಿ ಹೋಗಿ ಬಂದೆ.

ಅಷ್ಟು ದಿನವೂ ಬೋಗುಣಿ ತುಂಬುತ್ತಲೇ ಇತ್ತು. ಆಮೇಲೆ ಒಂದು ಬೆಳಿಗ್ಗೆ ಒಣಗಿತ್ತು. ಮಳೆ ಬಂದಿರಲಿಲ್ಲ, ಕಾರಿಗೆ ಯಾರೂ ಕೈ ಹಚ್ಚಿರಲಿಲ್ಲ, ನಿಲ್ಲಿಸುವ ಜಾಗ ಬದಲಾಗಿರಲಿಲ್ಲ. ತಾನು ಹಾಕಿದ ಕ್ಲಿಪ್ಪು ಈಗ ಕೂತುಕೊಂಡಿದೆ ಎಂದು ನಂಜುಂಡ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಾನೆ. ಕೆಂಪರಾಜ ಒಪ್ಪಿದ್ದಾನೆ. ಸುಜಾತ ಒಪ್ಪಲೂ ಇಲ್ಲ, ಬಿಡಲೂ ಇಲ್ಲ. ಅವಳಿಗೆ ಬೆಳಗಾದರೆ ಮಕ್ಕಳು ಕಾಯುತ್ತಿರುತ್ತವೆ, ಅಷ್ಟು ಸಾಕು. ಕಾರು ಈಗಲೂ ಓಡುತ್ತಿದೆ.

ನಾನು ಈಗಲೂ ಒಮ್ಮೊಮ್ಮೆ ಬಗ್ಗುತ್ತೇನೆ. ಸೊಂಟ ಹಿಡಿಯುವುದಷ್ಟೇ ಲಾಭ. ಸೋರುತ್ತಿದ್ದಾಗ ನೋಡಲು ಒಂದು ಜಾಗವಾದರೂ ಇತ್ತು. ನಿಂತುಹೋದ ಮೇಲೆ ಎಲ್ಲಿ ಅಂತ ಹುಡುಕಲಿ?