“ನೋಡೀನ್ರಿ ಮೇಡಂ”

ಮೇಡಂ ಅವರ ಬಲಗೈ ಹೆಬ್ಬೆರಳು ಸುಮ್ಮನಿದ್ದಾಗಲೂ ಬಾಗಿಯೇ ಇರುತ್ತಿತ್ತು. ವರ್ಷಗಟ್ಟಲೆ ಹನಿ ಅಳೆಯುವ ಪಿಪೆಟ್ ಒತ್ತಿ ಒತ್ತಿ ಹಾಗಾಗಿತ್ತು. ಬೆಳಗಾವಿಯ ಲ್ಯಾಬಿನಲ್ಲಿ ನನಗೆ ಪಿಎಚ್‌ಡಿ ಮಾಡಿಸಿದವರು ಅವರು. ತವರು ಖಾನಾಪುರದ ಗುಂಜಿ. ಸಿಟ್ಟು ಏರಿದರೆ ಮರಾಠಿ, ಇಳಿದರೆ ಕನ್ನಡ.

ನಮ್ಮ ಕೆಲಸ ಇಷ್ಟೇ: ಜೀನಿನಿಂದ ಹೊರಟ ಸಂದೇಶ ಪ್ರೋಟೀನ್ ಆಗುವ ಮೊದಲೇ ಅದಕ್ಕೆ ಅಂಟಿಕೊಂಡು ತಡೆಯುವ ಡಿಎನ್‌ಎ ಎಳೆಯನ್ನು ಕೋಶದೊಳಗೇ ತಯಾರಿಸುವುದು. “ಹೊರಗಿಂದ ಡಬ್ಬಿ ಕಳಸೂದಲ್ಲೋ, ಅದರ ಮನ್ಯಾಗ ಅಡಿಗಿ ಮಾಡಸೂದು,” ಎನ್ನುತ್ತಿದ್ದರು. ಅದಕ್ಕೆ ಬೇಕಾದ ಜೀನಿನ ತುಣುಕು ಸರಿಯಾದ ದಿಕ್ಕಿಗೆ ಕೂತಿದೆಯೇ ಎಂದು ಮೊದಲು ನೋಡಲೇಬೇಕು. ಉಲ್ಟಾ ಕೂತರೆ ಹುಟ್ಟುವ ಎಳೆ ಸಂದೇಶದ ನಕಲೇ ಆಗುತ್ತದೆ, ಅಂಟುವುದಿಲ್ಲ.

“ದಿಕ್ಕು ನೋಡಿದೇನೋ?”

“ನೋಡೀನ್ರಿ ಮೇಡಂ.”

ನೋಡಿರಲಿಲ್ಲ. ಖಾಸಬಾಗದಲ್ಲಿ ಗೆಳೆಯನ ಮದುವೆ ಊಟಕ್ಕೆ ಹೊತ್ತಾಗಿತ್ತು.

ನಾವು ತಡೆಯಹೊರಟಿದ್ದು ಕೋಶಗಳಿಗೆ ಹಸಿರು ಹೊಳಪು ಕೊಡುವ ಜೀನನ್ನು. ಆ ಹೊಳಪು ಮಂಕಾಯಿತು. ಜೀನು ಮಣಿಯಿತೆಂದು ಮೇಡಂ ಲ್ಯಾಬಿಗೆಲ್ಲ ಕುಂದಾ ಹಂಚಿದರು. ನಾಚಿಕೆಗೇಡಿ ನಾನು, ಎರಡನೇ ಸಲ ಕೈಯೊಡ್ಡಿದೆ. ಊರಿನ ವಿಜ್ಞಾನಿಗಳೆಲ್ಲ ಸೇರುವ ಸಭೆಯಲ್ಲಿ ಈ ಫಲಿತಾಂಶ ಹೇಳುವುದೆಂದಾಯಿತು, ಅದರ ಸಾರಾಂಶ ಅಚ್ಚಾಗಿ ಎಲ್ಲರ ಕೈಸೇರಿಯೂ ಆಯಿತು. ಹಿಂದಿನ ದಿನ ಏಕೋ ಅನುಮಾನ ಬಂದು ಮೇಡಂ ತಾವೇ ಪರೀಕ್ಷಿಸಿದರು. ತುಣುಕು ಉಲ್ಟಾ ಕೂತಿತ್ತು. ಕೋಶಗಳು ಸುಮ್ಮನೆ ಸೊರಗಿ ಮಂಕಾಗಿದ್ದವು, ಅಷ್ಟೇ. ನನ್ನನ್ನು ಅವರು ಒಂದು ಮಾತೂ ಕೇಳಲಿಲ್ಲ. ಮರಾಠಿಯಲ್ಲಿ ನಾಲ್ಕು ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

ಮರುದಿನ ವೇದಿಕೆ ಹತ್ತಿ, “ಈ ಫಲಿತಾಂಶ ವಾಪಸ್ ತಗೋತೀನ್ರಿ. ತುಣುಕು ಉಲ್ಟಾ ಐತಿ. ದಿಕ್ಕು ನಾ ನೋಡಬೇಕಿತ್ತು, ನೋಡಲಿಲ್ಲ. ತಪ್ಪು ನಂದ,” ಎಂದರು.

ಮುಂದಿನ ಸಾಲಿನಲ್ಲಿ ಯಾರೋ ನಕ್ಕರು. “ಇಷ್ಟ್ ವರ್ಷ ಅನುಭವ ಇದ್ದೂ ಹಿಂಗ?” ಎಂದೂ ಕೇಳಿದರು. ಮೇಡಂ ತಲೆ ತಗ್ಗಿಸಿ ಕೆಳಗಿಳಿದು ಬಂದರು. ಎದ್ದು ನಿಂತು “ಸುಳ್ಳು ಹೇಳಿದಾಂವ ನಾನ್ರಿ” ಎನ್ನಲು ನನಗೆ ಎಷ್ಟು ಹೊತ್ತು ಬೇಕಿತ್ತು? ಥೂ ನನ್ನ! ಹಿಂದಿನ ಸಾಲಿನಲ್ಲಿ ಬೂಟು ನೋಡುತ್ತ ಕೂತೆ.

ನಾಳೆ ಹೇಳೋಣ, ಪದವಿ ಕೈಗೆ ಬಂದ ಮೇಲೆ ಹೇಳೋಣ ಎನ್ನುತ್ತ ವರ್ಷಗಳು ಹೋದವು. ಹಿಂದವಾಡಿಯ ಅವರ ಮನೆ ಮುಂದೆ ಎಷ್ಟೋ ಸಲ ಗಾಡಿ ನಿಲ್ಲಿಸಿ ಹಾಗೇ ಮುಂದೆ ಹೋಗಿದ್ದೇನೆ.

ಮೊನ್ನೆ ಮೇಡಂ ತೀರಿಕೊಂಡರು. ಗುಂಜಿಗೆ ಹೋದೆ. ಅವರ ತಂಗಿ ಚಹಾ ಕೊಟ್ಟು, ಕೂತಿದ್ದ ನೆಂಟರಿಗೆಲ್ಲ ನನ್ನನ್ನು ತೋರಿಸಿದರು.

“ಇವ್ರ ನೋಡ್ರಿ ಅವ್ರು. ‘ತಪ್ಪಾತಂತ ತಾನ ಬಂದು ಒಪ್ಪಿಕೊಂಡಾಂವ, ಭಾಳ ಖರೇ ಹುಡುಗ’ ಅಂತ ಅಕ್ಕಾ ಯಾವಾಗ್ಲೂ ಅಂತಿದ್ಲು. ಹೌದಲ್ರಿ?”

ಎಲ್ಲರೂ ನನ್ನತ್ತ ನೋಡಿದರು.

“ಹೌದ್ರಿ,” ಎಂದೆ.