ಕಟ್ಟಿನ ಸಾರಿಗೆ ನಾನು ಕೊಟ್ಟ ಚಕ್ಕೆ

ನಾನು ಚಿಕ್ಕವನಿದ್ದಾಗ, ಮಕ್ಕಳೇ, ನನ್ನಷ್ಟು ಚಕ್ಕೆ ತಿಂದ ಹುಡುಗ ಇಡೀ ಕೌಲ್ ಬಜಾರಿನಲ್ಲಿ ಇನ್ನೊಬ್ಬನಿರಲಿಲ್ಲ. ಚಕ್ಕೆ ಎಂದರೆ ನಿಮ್ಮಮ್ಮ ಪಲಾವಿಗೆ ಹಾಕುವ, ನೀವು ಮೂಗು ಮುರಿದು ತಟ್ಟೆಯಂಚಿಗೆ ಎತ್ತಿಡುವ ಅದೇ ದಾಲ್ಚಿನ್ನಿ. ನನಗೆ ಅದು ಮಿಠಾಯಿ. ಕಚ್ಚಿದರೆ ಮೊದಲು ಸಿಹಿ, ಆಮೇಲೆ ಖಾರ, ಕೊನೆಗೆ ನಾಲಿಗೆಯ ತುದಿ ಚುರುಗುಟ್ಟುತ್ತಿತ್ತು. ಅವ್ವ ಹಬ್ಬಕ್ಕೆಂದು ತರಿಸಿ ಹಿತ್ತಾಳೆ ಡಬ್ಬಿಯಲ್ಲಿ ಇಟ್ಟಿದ್ದನ್ನು ದಿನಕ್ಕೊಂದು ಚೂರಿನಂತೆ ಕದ್ದು ಜೇಬಿಗೆ ಇಳಿಸುತ್ತಿದ್ದೆ.

ಅಂದು ಶ್ರಾವಣದ ಒಂದು ಸೋಮವಾರ. ನಮ್ಮ ಮನೆತನದ ಗುರುಗಳಾದ ಅಯ್ಯನವರು ಊಟಕ್ಕೆ ಬರುವವರಿದ್ದರು. ಅವರು ಮೊದಲ ತುತ್ತು ತೆಗೆದುಕೊಳ್ಳುವವರೆಗೆ ಮನೆಯಲ್ಲಿ ಯಾರೂ ಏನೂ ತಿನ್ನುವಂತಿರಲಿಲ್ಲ. ಅಡುಗೆ ಮಾಡುವವರು ಉಪ್ಪು ನೋಡಲೆಂದು ಒಂದು ಹನಿಯನ್ನೂ ನಾಲಿಗೆಗೆ ತಾಕಿಸುವಂತಿರಲಿಲ್ಲ. ಅವ್ವ ಹೋಳಿಗೆ ತಟ್ಟುತ್ತಿದ್ದಳು. ಕಡಲೆಬೇಳೆ ಬೇಯಿಸಿ ಬಸಿದ ಕಟ್ಟಿನಿಂದ ಸಾರು ಮಾಡುವ ಕೆಲಸ ಮೊದಲ ಸಲ ಅಕ್ಕನ ಪಾಲಿಗೆ ಬಂದಿತ್ತು.

"ತಮ್ಮಾ, ಚಕ್ಕಿ ಡಬ್ಬಿ ತಗೊಂಡ್ ಬಾರೋ" ಎಂದಳು ಅಕ್ಕ.

ಮುಚ್ಚಳ ತೆಗೆದೆ. ತಳದಲ್ಲಿ ಪುಡಿ ಬಿಟ್ಟರೆ ಏನೂ ಇಲ್ಲ! ಅಪ್ಪ ಹೊಡೆಯುವವರಲ್ಲ, ತಪ್ಪು ಮಾಡಿದರೆ ಮಾತು ಬಿಡುತ್ತಿದ್ದರು. ಒಮ್ಮೆ ಎಂಟು ದಿನ ನನ್ನನ್ನು ಗೋಡೆ ನೋಡಿದ ಹಾಗೆ ನೋಡಿದ್ದರು. ಅದಕ್ಕಿಂತ ಎರಡು ಏಟು ವಾಸಿ. ಡಬ್ಬಿ ಹಿಡಿದು ಹಿತ್ತಲಿಗೆ ಓಡಿದೆ. ಬಚ್ಚಲ ಹಿಂದೆ ಒಣಗಿದ ಕಟ್ಟಿಗೆಯ ರಾಶಿ ಇತ್ತು. ಅದರ ತೊಗಟೆ ತೆಳ್ಳಗೆ ಸುರುಳಿ ಸುತ್ತಿಕೊಂಡು ಎದ್ದಿತ್ತು, ಬಣ್ಣವೂ ಹೆಚ್ಚುಕಡಿಮೆ ಚಕ್ಕೆಯದೇ. ನಾಲ್ಕು ಸುರುಳಿ ಕಿತ್ತು, ಡಬ್ಬಿಯ ಪುಡಿಯಲ್ಲಿ ಹೊರಳಾಡಿಸಿ ಅಕ್ಕನ ಕೈಗಿಟ್ಟೆ.

ಅಕ್ಕ ಅದನ್ನು ಲವಂಗ, ಒಣಕೊಬ್ಬರಿಯ ಜೊತೆ ಹುರಿದಳು. "ವಾಸನಿನ ಇಲ್ಲಲ್ಲೋ, ಹಳೇದಾಗೈತಿ ಕಾಣ್ತೈತಿ" ಎನ್ನುತ್ತ ಒರಳಿಗೆ ಹಾಕಿ ನುಣ್ಣಗೆ ರುಬ್ಬಿಬಿಟ್ಟಳು. ಸಾರು ಕುದಿಯಿತು. ಒಗ್ಗರಣೆಯ ಘಮ ಬೀದಿಯವರೆಗೆ ಹೋಯಿತು. ಪಾರಾದೆ ಎಂದುಕೊಂಡೆ.

ಅಯ್ಯನವರು ಬಂದರು. ಅಪ್ಪ ಅವರ ಪಾದ ತೊಳೆದು ಪೂಜೆ ಮಾಡಿ, ನಡುಮನೆಯಲ್ಲಿ ಊಟಕ್ಕೆ ಕೂರಿಸಿದರು. ಅಕ್ಕ ಅನ್ನ, ಸಾರು, ಹೋಳಿಗೆ ಎಲ್ಲ ಬಡಿಸಿ ಬಂದು, ಒಲೆಗೆ ಕಟ್ಟಿಗೆ ತರಲು ಹಿತ್ತಲಿಗೆ ಹೊರಟಳು. ಅವ್ವ ತಡೆದಳು.

"ಬಚ್ಚಲ ಹಿಂದಿನ ಕಟ್ಟಿಗಿ ಮುಟ್ಟಬ್ಯಾಡವಾ. ಕಣಗಿಲಿ ಅದು. ಆಡು ತಿಂದು ಸತ್ತಿತಂತ ನಿಮ್ಮಪ್ಪ ಗಿಡಾನ ಕಡಿಸ್ಯಾರ. ಅದರ ಹೊಗಿನೂ ವಿಷ."

ಪಕ್ಕದ ಮನೆಯ ಆ ಆಡು ನಾಲ್ಕೂ ಕಾಲು ಸೆಟೆದು ಬಿದ್ದಿದ್ದನ್ನು ನಾನೇ ನೋಡಿದ್ದೆ. ಹೇಳಿದರೆ ಅಪ್ಪ ಈ ಜನ್ಮದಲ್ಲಿ ನನ್ನ ಜೊತೆ ಮಾತಾಡುವುದಿಲ್ಲ. ಹೇಳದಿದ್ದರೆ ಅಯ್ಯನವರು, ಆಮೇಲೆ ಅಪ್ಪ, ಅವ್ವ, ಅಕ್ಕ. ನಡುಮನೆಯ ಬಾಗಿಲಿಗೆ ಬಂದು ನಿಂತೆ. ಅಯ್ಯನವರು ಕಣ್ಣು ಮುಚ್ಚಿ ಮಂತ್ರ ಹೇಳುತ್ತಿದ್ದರು. ಅಪ್ಪ ಕೈಮುಗಿದು ನಿಂತಿದ್ದರು. ಬಾಯಿ ತೆರೆದೆ, ಅಪ್ಪನ ಮುಖ ನೋಡಿ ಮುಚ್ಚಿದೆ. ಮಂತ್ರ ಮುಗಿಯಿತು. ಅಯ್ಯನವರು ಅನ್ನಕ್ಕೆ ಸಾರು ಕಲಸಿದರು, ತುತ್ತು ಎತ್ತಿದರು.

ಓಡಿಹೋಗಿ ಎರಡೂ ಕೈಯಿಂದ ಅವರ ಮುಂಗೈ ಹಿಡಿದುಬಿಟ್ಟೆ.

"ಉಣಬ್ಯಾಡ್ರಿ ಅಯ್ಯನೋರ! ಸಾರಿನ್ಯಾಗ ಕಣಗಿಲಿ ಐತ್ರಿ. ನಾನ ಕೊಟ್ಟೀನ್ರಿ!"

"ಕೈ ಬಿಡಪ್ಪಾ, ಕೆಳಗ ಇಡ್ತೀನಿ" ಎಂದು ಅವರು ಮೆಲ್ಲಗೆ ಹೇಳಿ ತುತ್ತನ್ನು ತಟ್ಟೆಗೆ ಬಿಟ್ಟರು. ಅಪ್ಪ ಎರಡೇ ಹೆಜ್ಜೆಗೆ ನನ್ನ ಹತ್ತಿರ ಬಂದರು. ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡೆ. ಏಟು ಬೀಳಲಿಲ್ಲ. ಕುಕ್ಕರುಗಾಲಲ್ಲಿ ಕುಳಿತು, ನನ್ನ ಕೆನ್ನೆ ಅದುಮಿ ಬಾಯಿ ತೆರೆಸಿ, ಬೆರಳು ಹಾಕಿ ಹುಡುಕಿದರು.

"ನೀ ತಿಂದೇನಲೇ? ನಾಲಿಗಿ ತೋರ್ಸು. ತಿಂದೇನು ಹೇಳಲೇ!"

ಅವರ ಬೆರಳು ನನ್ನ ಹಲ್ಲಿನ ಮೇಲೆ ನಡುಗುತ್ತಿತ್ತು. ಅಪ್ಪನಿಗೂ ಹೆದರಿಕೆಯಾಗುತ್ತದೆ ಎಂದು ನನಗೆ ಗೊತ್ತಾದದ್ದು ಆಗಲೇ. ಜೋರಾಗಿ ಅತ್ತುಬಿಟ್ಟೆ.

ದನ, ನಾಯಿ ಬಾಯಿ ಹಾಕದಂತೆ ಅಪ್ಪ ತಾವೇ ಗುಂಡಿ ತೋಡಿ ಸಾರನ್ನು ಸುರಿದು ಮಣ್ಣು ಮುಚ್ಚಿದರು. ಅವ್ವ ನನ್ನ ಕೈಯನ್ನು ಬೂದಿ ಹಾಕಿ ಮೂರು ಸಲ ತಿಕ್ಕಿದಳು. ಅಯ್ಯನವರಿಗೆ ಹೊಸ ತಟ್ಟೆ ಇಟ್ಟು, ಹಾಲು ತುಪ್ಪದಲ್ಲಿ ಹೋಳಿಗೆ ಬಡಿಸಿದರು. ಮಾತು ಬಿಟ್ಟವಳು ಅಕ್ಕ, ಅದೂ ದೀಪಾವಳಿಯವರೆಗೆ. ಪಾಪ, ಅವಳ ಮೊದಲ ಸಾರು.

ಈಗ ಗಾಂಧಿನಗರದ ನಮ್ಮ ಮನೆಗೆ ಚಕ್ಕೆ ಹೆಸರು ಅಚ್ಚಾದ ಪೊಟ್ಟಣದಲ್ಲಿ ಬರುತ್ತದೆ. ಸಾರು ಒಲೆಯ ಮೇಲಿರುವಾಗಲೇ ನಿಮ್ಮಮ್ಮ ನಿಮ್ಮ ಅಂಗೈಗೆ ಒಂದು ಹನಿ ಹಾಕಿ, ಉಪ್ಪು ಸಾಕೇ ಎಂದು ಕೇಳುತ್ತಾಳೆ. ಏನಾದರೂ ಒಡೆದರೆ ನೀವು ನಿಮ್ಮಪ್ಪನ ಬೆನ್ನೇರಿ ಕುಳಿತು, ನಗುತ್ತ ಹೇಳಿಬಿಡುತ್ತೀರಿ. ಸುಳ್ಳೇಕೆ ಹೇಳಲಿ, ನನಗೆ ಹೊಟ್ಟೆಕಿಚ್ಚಾಗುತ್ತದೆ. ನನಗೆ ಒಂದು ಮಾತು ಹೇಳಲು ಇಡೀ ಮಂತ್ರದಷ್ಟು ಹೊತ್ತು ಬೇಕಾಯಿತು. ಅಂದು ಅಯ್ಯನವರಿಗೆ ಹಸಿವು ಹೆಚ್ಚಾಗಿ, ಮಂತ್ರವನ್ನು ಅರ್ಧಕ್ಕೇ ಮುಗಿಸಿದ್ದರೆ? ಊಟದ ನಡುವೆ ಇದು ನೆನಪಾದರೆ ಇವತ್ತಿಗೂ ಅನ್ನ ಕಲಸುವ ನನ್ನ ಕೈ ನಿಂತುಬಿಡುತ್ತದೆ.